83 ಪಂದ್ಯ, 2 ಗೋಲು, ಒಂದು ಓಟ

ನಮ್ಮ ಕ್ಯಾಂಪಸ್‌ನಲ್ಲಿ ಫುಟ್‌ಬಾಲ್ ಬಗ್ಗೆ ವಾದ ಶುರುವಾದ್ರೆ ಅದು ಬಂದು ನಿಲ್ಲೋದು ಒಂದೇ ಕಡೆ. ಎಷ್ಟು ಗೋಲು? ಎಷ್ಟು ಅಸಿಸ್ಟ್? ಎಷ್ಟು ಟ್ರೋಫಿ? ಮೆಸ್ಸಿ, ರೊನಾಲ್ಡೊ ವಿಷಯಕ್ಕೆ ಈ ಲೆಕ್ಕ ನಡೆಯುತ್ತೆ, ರಾತ್ರಿ ಎರಡು ಗಂಟೆವರೆಗೂ ನಡೆಯುತ್ತೆ. ಈಗ ಇದೇ ಲೆಕ್ಕದಲ್ಲಿ ಇನ್ನೊಬ್ಬ ಆಟಗಾರನನ್ನು ಅಳೆದು ನೋಡೋಣ. ಹೆಸರು ವಲೊನ್ ಬೆಹ್ರಾಮಿ. ಸ್ವಿಟ್ಜರ್ಲೆಂಡ್‌ನ ಮಿಡ್‌ಫೀಲ್ಡರ್, 2022ರಲ್ಲಿ ನಿವೃತ್ತನಾದ. ದೇಶಕ್ಕಾಗಿ ಆಡಿದ್ದು 83 ಪಂದ್ಯ, ಹೊಡೆದ ಗೋಲು 2. ಹೆಸರು ಹೇಳಿಕೊಳ್ಳುವಂಥ ಟ್ರೋಫಿ ಅಂದ್ರೆ ನಾಪೋಲಿ ಜೊತೆ ಗೆದ್ದ 2014ರ ಕೊಪ್ಪಾ ಇಟಾಲಿಯಾ, ಅಷ್ಟೇ.

ವಿಡಿಯೋ ಗೇಮ್‌ನಲ್ಲಿ ನಾವ್ಯಾರೂ ಇವನನ್ನು ಟೀಮಿಗೆ ಹಾಕಿಕೊಳ್ಳಲ್ಲ. ಆದರೆ ನಾಲ್ಕು ವಿಶ್ವಕಪ್‌ಗಳಲ್ಲಿ ಆಡಿದ ಮೊದಲ ಸ್ವಿಸ್ ಆಟಗಾರ ಇವನೇ: 2006, 2010, 2014, 2018. ಆ ಹನ್ನೆರಡು ವರ್ಷಗಳಲ್ಲಿ ಕೋಚ್‌ಗಳು ಬದಲಾದರು. ಮೊದಲು ಕೊಬಿ ಕುನ್, ಆಮೇಲೆ ಒಟ್ಮಾರ್ ಹಿಟ್ಜ್‌ಫೆಲ್ಡ್, ಆಮೇಲೆ ವ್ಲಾದಿಮಿರ್ ಪೆಟ್ಕೊವಿಚ್. ಮೂವರ ಆಟದ ರೀತಿ ಬೇರೆ ಬೇರೆ, ಆದರೂ ಮೂವರಿಗೂ ಬೆಹ್ರಾಮಿ ಬೇಕಾಗಿದ್ದ. ಕೋಚ್‌ಗಳ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣ್ತಿದ್ದ ವಿಷಯ ಸ್ಕೋರ್‌ಕಾರ್ಡಿನಲ್ಲಿ ಯಾಕೆ ಇಲ್ಲ? ಈ ಲೇಖನ ಇರೋದೇ ಈ ಪ್ರಶ್ನೆ ಮೇಲೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಒಬ್ಬ ಮನುಷ್ಯನ ಬೆಲೆ ಕಾಗದದ ಮೇಲೆ ಹುಡುಕುವವರಿಗೆ ಬೆಹ್ರಾಮಿಯಂಥವರು ಯಾವತ್ತೂ ಸಿಗಲ್ಲ. ಮತ್ತೆ ಇದು ಬರೀ ಫುಟ್‌ಬಾಲ್ ವಿಷಯ ಅಲ್ಲ.

ಮೊದಲು ಆಟದಿಂದಲೇ ಶುರು ಮಾಡೋಣ. 2014ರ ಜೂನ್ 15, ಬ್ರೆಜಿಲ್‌ನ ಬ್ರಸೀಲಿಯಾ. ಸ್ವಿಟ್ಜರ್ಲೆಂಡ್ ಮತ್ತು ಎಕ್ವಡೋರ್ ನಡುವೆ ಮೊದಲ ಪಂದ್ಯ. 22ನೇ ನಿಮಿಷದಲ್ಲಿ ಎನ್ನರ್ ವೆಲೆನ್ಸಿಯಾ ಹೆಡ್ ಮಾಡಿ ಎಕ್ವಡೋರ್‌ಗೆ ಮುನ್ನಡೆ ಕೊಟ್ಟ. ಅರ್ಧ ಸಮಯದ ನಂತರ ಬದಲಿಯಾಗಿ ಬಂದ ಅದ್ಮಿರ್ ಮೆಹ್ಮೆದಿ ಸಮ ಮಾಡಿದ. ಸ್ಕೋರ್ 1-1. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ಸಮಯ ಓಡ್ತಾ ಇದೆ. ಎಲ್ಲರೂ ಸುಸ್ತು. ಡ್ರಾ ಆದ್ರೂ ಪರವಾಗಿಲ್ಲ ಅನ್ನೋ ಮುಖಗಳು.

ಆಗ ಎಕ್ವಡೋರ್‌ನವರು ಸ್ವಿಸ್ ಪೆನಾಲ್ಟಿ ಬಾಕ್ಸ್ ಒಳಗೆ ನುಗ್ಗಿದರು. ಚೆಂಡು ಅರೋಯೊ ಕಾಲಿಗೆ ಸಿಕ್ತು. ಎದುರಿಗೆ ಗೋಲು. ಒಂದು ಕ್ಷಣ ತಡ ಮಾಡಿದ, ಅಷ್ಟೇ. ಆ ಒಂದು ಕ್ಷಣದಲ್ಲಿ ಬೆಹ್ರಾಮಿ ಜಾರಿಕೊಂಡು ಬಂದು ಅಡ್ಡ ಬಿದ್ದ. ಆ ಜಾಗದಲ್ಲಿ ಟ್ಯಾಕಲ್ ಸ್ವಲ್ಪ ತಪ್ಪಿದ್ರೂ ಪೆನಾಲ್ಟಿ, ಪಂದ್ಯವೇ ಕೈಬಿಟ್ಟ ಹಾಗೆ. ತಪ್ಪಲಿಲ್ಲ. ಚೆಂಡು ಅವನದಾಯ್ತು.

ಸಾಮಾನ್ಯವಾಗಿ ಯಾರೇ ಆದ್ರೂ ಅಲ್ಲಿ ಚೆಂಡನ್ನು ದೂರ ಒದ್ದು ಉಸಿರು ಬಿಡ್ತಾರೆ. ಇವನು ಎದ್ದು ಚೆಂಡು ತಗೊಂಡು ಓಡೋಕೆ ಶುರು ಮಾಡಿದ. ಮುಂದೆ ಹೋಗ್ತಿದ್ದಾಗ ಎಕ್ವಡೋರ್ ಆಟಗಾರನೊಬ್ಬ ಕಾಲು ಕೊಟ್ಟು ಕೆಡವಿದ. ಬಿದ್ದು ಉರುಳಿದ. ಫೌಲ್ ಕೇಳಿಕೊಂಡು ಅಲ್ಲೇ ಮಲಗಬಹುದಿತ್ತು, ಸಮಯನೂ ಹೋಗ್ತಿತ್ತು, ಡ್ರಾನೂ ಸಿಗ್ತಿತ್ತು. ಬಿದ್ದ ವೇಗದಲ್ಲೇ ಎದ್ದು ಮತ್ತೆ ಓಡಿದ. ಉಜ್ಬೇಕಿಸ್ತಾನದ ರೆಫರಿ ರವ್ಶಾನ್ ಇರ್ಮತೋವ್ ವಿಸಲ್ ಊದಲಿಲ್ಲ, ಅಡ್ವಾಂಟೇಜ್ ಕೊಟ್ಟು ಆಟ ಮುಂದುವರಿಸಿದರು. ಚೆಂಡು ಎಡಬದಿಗೆ ಹೋಯ್ತು, ರಿಕಾರ್ಡೊ ರೋಡ್ರಿಗೆಜ್ ಕ್ರಾಸ್ ಮಾಡಿದ, ಹ್ಯಾರಿಸ್ ಸೆಫೆರೊವಿಚ್ ಒಳಗೆ ಹಾಕಿದ. 93ನೇ ನಿಮಿಷ, 2-1.

ಈಗ ಆ ಪಂದ್ಯದ ಸ್ಕೋರ್‌ಕಾರ್ಡ್ ತೆಗೆದು ನೋಡಿ. ಗೋಲು: ಸೆಫೆರೊವಿಚ್. ಅಸಿಸ್ಟ್: ರೋಡ್ರಿಗೆಜ್. ಬೆಹ್ರಾಮಿ ಹೆಸರಿನ ಮುಂದೆ ಗೋಲು ಸೊನ್ನೆ, ಅಸಿಸ್ಟ್ ಸೊನ್ನೆ.

ನಾವು ಎಂಜಿನಿಯರಿಂಗ್ ಓದುವವರು ತಾನೇ, ಆ ಓಟವನ್ನು ಸಮೀಕರಣದಿಂದ ತೆಗೆದು ಉತ್ತರ ಏನಾಗತ್ತೆ ನೋಡೋಣ. ಆ ಗುಂಪಿನಲ್ಲಿ ಸ್ವಿಟ್ಜರ್ಲೆಂಡ್ ಆಮೇಲೆ ಫ್ರಾನ್ಸ್ ವಿರುದ್ಧ 2-5ರಿಂದ ಸೋತು, ಹೊಂಡುರಾಸ್ ವಿರುದ್ಧ 3-0ಯಿಂದ ಗೆದ್ದಿತು. ಒಟ್ಟು 6 ಅಂಕ, ಎರಡನೇ ಸ್ಥಾನ, ಮುಂದಿನ ಸುತ್ತು. ಎಕ್ವಡೋರ್‌ಗೆ 4 ಅಂಕ, ಮನೆ ದಾರಿ. ಮೊದಲ ಪಂದ್ಯ 1-1ರಲ್ಲೇ ಮುಗಿದಿದ್ದರೆ ಸ್ವಿಟ್ಜರ್ಲೆಂಡ್‌ಗೆ 4, ಎಕ್ವಡೋರ್‌ಗೆ 5. ಅಂದ್ರೆ ಸ್ವಿಸ್ ತಂಡ ಗಂಟುಮೂಟೆ ಕಟ್ಟಬೇಕಿತ್ತು. ಹೊಂಡುರಾಸ್ ಮೇಲೆ ಶಕೀರಿ ಹೊಡೆದ ಹ್ಯಾಟ್ರಿಕ್ ಎಲ್ಲರಿಗೂ ನೆನಪಿದೆ, ಅದು ದಾಖಲೆ ಪುಸ್ತಕದಲ್ಲೂ ಇದೆ. ಆದರೆ ಆ ಹ್ಯಾಟ್ರಿಕ್‌ಗೆ ಬೆಲೆ ಬಂದದ್ದು ದಾಖಲೆಯಲ್ಲೇ ಇಲ್ಲದ ಒಂದು ಓಟದಿಂದ.

ಇನ್ನು ಆ ಎರಡು ಗೋಲುಗಳ ವಿಷಯ. ಎರಡೇ ಎರಡು ಅಂತ ನಗೋದಕ್ಕೆ ಮುಂಚೆ ಅದರಲ್ಲಿ ಒಂದನ್ನು ನೋಡಿ. 2005ರ ನವೆಂಬರ್, 2006ರ ವಿಶ್ವಕಪ್‌ಗೆ ಹೋಗೋಕೆ ಟರ್ಕಿ ವಿರುದ್ಧ ಪ್ಲೇ-ಆಫ್. 1994ರ ನಂತರ ಸ್ವಿಟ್ಜರ್ಲೆಂಡ್ ವಿಶ್ವಕಪ್ ಮುಖ ನೋಡಿರಲಿಲ್ಲ. ಬರ್ನ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಸೆಂಡೆರೊಸ್ ಗೋಲಿನಿಂದ 1-0. 86ನೇ ನಿಮಿಷದಲ್ಲಿ ಇಪ್ಪತ್ತು ವರ್ಷದ ಬೆಹ್ರಾಮಿ ಎರಡನೇ ಗೋಲು ಹೊಡೆದ. ನಾಲ್ಕು ದಿನದ ನಂತರ ಇಸ್ತಾಂಬುಲ್‌ನಲ್ಲಿ ಟರ್ಕಿ 4-2ರಿಂದ ಗೆದ್ದಿತು. ಒಟ್ಟು 4-4 ಆಗಿ, ಎದುರಾಳಿ ನೆಲದಲ್ಲಿ ಹೊಡೆದ ಗೋಲಿನ ನಿಯಮದ ಮೇಲೆ ಸ್ವಿಟ್ಜರ್ಲೆಂಡ್ ಪಾರಾಯ್ತು. ಬೆಹ್ರಾಮಿ ಗೋಲು ತೆಗೆದುಬಿಡಿ, 3-4. ವಿಶ್ವಕಪ್ ಇಲ್ಲ. ಎಣಿಸಿದ್ರೆ ಇದೂ ಒಂದೇ ಗೋಲು. ಗೆದ್ದೇಬಿಟ್ಟ ಪಂದ್ಯದಲ್ಲಿ ಐದನೆಯದಾಗಿ ಹೊಡೆದದ್ದೂ ಒಂದೇ ಗೋಲು. ಎಣಿಕೆಗೆ ಈ ಎರಡರ ವ್ಯತ್ಯಾಸ ಗೊತ್ತಾಗಲ್ಲ.

ಇಲ್ಲಿ ಡೇಟಾ ಇಷ್ಟಪಡೋ ಗೆಳೆಯರು ಒಂದು ಮಾತು ಹೇಳ್ತಾರೆ, ಅದನ್ನು ತಳ್ಳಿಹಾಕೋಕೆ ಆಗಲ್ಲ. "ಈಗ ಬರೀ ಗೋಲು, ಅಸಿಸ್ಟ್ ಯಾರು ನೋಡ್ತಾರೆ? ಟ್ಯಾಕಲ್ ಎಣಿಸ್ತಾರೆ, ಇಂಟರ್‌ಸೆಪ್ಷನ್ ಎಣಿಸ್ತಾರೆ, ಓಡಿದ ಕಿಲೋಮೀಟರ್ ಎಣಿಸ್ತಾರೆ. ಅಳತೆ ಸರಿಯಿಲ್ಲ ಅಂದ್ರೆ ಒಳ್ಳೆ ಅಳತೆ ಮಾಡಿ, ಅಳತೆನೇ ಬೇಡ ಅನ್ನಬೇಡಿ." ಸರಿ, ಒಪ್ಪಿದ್ವಿ. ಹೊಸ ಅಂಕಿಅಂಶಗಳಿಂದ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗಳಿಗೆ ಮೊದಲಿಗಿಂತ ಹೆಚ್ಚು ನ್ಯಾಯ ಸಿಕ್ಕಿದೆ. ಆದರೆ ಒಂದು ತೊಡಕು ಹಾಗೇ ಉಳಿಯುತ್ತೆ. ಅಳತೆಗೆ ಸಿಗೋದು ನಡೆದ ಘಟನೆ ಮಾತ್ರ. ಬೆಹ್ರಾಮಿ ಆಡ್ತಿದ್ದ ಜಾಗದ ಕೆಲಸವೇ ಏನೂ ನಡೆಯದ ಹಾಗೆ ನೋಡಿಕೊಳ್ಳೋದು. ಅವನು ಸರಿಯಾದ ಜಾಗದಲ್ಲಿ ನಿಂತಿದ್ದಾನೆ ಅಂತ ಎದುರಾಳಿ ಅಲ್ಲಿಗೆ ಪಾಸ್ ಕೊಡೋದೇ ಇಲ್ಲ. ಕೊಡದ ಪಾಸ್ ಯಾವ ಕಾಲಮ್ಮಿಗೆ ಬರುತ್ತೆ? ಹೊಡೆಯದ ಶಾಟ್ ಯಾರ ಖಾತೆಗೆ?

2018ರ ಜೂನ್ 17ರಂದು ರಷ್ಯಾದ ರೊಸ್ಟೊವ್‌ನಲ್ಲಿ ಬ್ರೆಜಿಲ್ ವಿರುದ್ಧದ ಪಂದ್ಯ ಇದಕ್ಕೆ ಒಳ್ಳೆ ಉದಾಹರಣೆ. ಕುಟಿನ್ಯೊ ಹೊಡೆದ ಗೋಲಿಗೆ ಜುಬರ್ ಹೆಡ್ ಮಾಡಿ ಉತ್ತರ ಕೊಟ್ಟ, 1-1 ಆಯ್ತು. ನೇಮಾರ್‌ನ ಬೆನ್ನು ಬಿಡದೆ ಹಿಂದೆ ಬಿದ್ದಿದ್ದು 33 ವರ್ಷದ ಬೆಹ್ರಾಮಿ. ಅಂದು ಸ್ವಿಸ್ ಆಟಗಾರರೆಲ್ಲ ಸೇರಿ ನೇಮಾರ್ ಮೇಲೆ ಮಾಡಿದ ಫೌಲ್ 10. ಇದು ಚಂದದ ಆಟ ಅಲ್ಲ, ಬ್ರೆಜಿಲ್ ಅಭಿಮಾನಿಗಳಿಗೆ ಕೋಪ ಬಂದದ್ದರಲ್ಲಿ ಆಶ್ಚರ್ಯನೂ ಇಲ್ಲ. ಆದರೆ 71ನೇ ನಿಮಿಷಕ್ಕೆ ಬೆಹ್ರಾಮಿ ಹೊರಗೆ ಹೋಗುವಷ್ಟರಲ್ಲಿ ಜಗತ್ತಿನ ಅತಿ ದುಬಾರಿ ಆಟಗಾರ ಅವತ್ತು ಏನೂ ಮಾಡಿರಲಿಲ್ಲ. ಈ "ಏನೂ ಮಾಡಿರಲಿಲ್ಲ" ಅನ್ನೋದೇ ಬೆಹ್ರಾಮಿಯ ಅಂಕ.

ಈಗ ಆಟದ ಮೈದಾನ ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಬೆಹ್ರಾಮಿಯನ್ನು ಕಾಗದದ ಮೇಲೆ ಅಳೆದವರಲ್ಲಿ ಫುಟ್‌ಬಾಲ್ ಪಂಡಿತರು ಮೊದಲಿಗರೇನೂ ಅಲ್ಲ. ಅವರಿಗಿಂತ ಮೊದಲು ಒಂದು ದೇಶದ ಸರ್ಕಾರ ಅಳೆದಿತ್ತು.

ಬೆಹ್ರಾಮಿ ಹುಟ್ಟಿದ್ದು 1985ರ ಏಪ್ರಿಲ್ 19ರಂದು, ಕೊಸೊವೊದ ಮಿಟ್ರೊವಿಟ್ಸಾದಲ್ಲಿ. ಆಗ ಅದು ಯುಗೊಸ್ಲಾವಿಯಾ. ಟ್ರೆಪ್ಚಾ ಗಣಿಗಳಿರೋ ಊರು. 1989ರಲ್ಲಿ ಬೆಲ್‌ಗ್ರೇಡ್ ಸರ್ಕಾರ ಕೊಸೊವೊದ ಸ್ವಾಯತ್ತತೆ ಕಿತ್ತುಕೊಂಡಿತು. ಅದನ್ನು ವಿರೋಧಿಸಿ ಗಣಿ ಕಾರ್ಮಿಕರು ನೆಲದಡಿಯಲ್ಲೇ ಮುಷ್ಕರ ಕೂತಿದ್ದರು. ನಂತರದ ದಿನಗಳಲ್ಲಿ ಅಲ್ಬೇನಿಯನ್ ಮೂಲದ ಸಾವಿರಾರು ಜನರನ್ನು ಕೆಲಸದಿಂದ ತೆಗೆದರು. ಬೆಹ್ರಾಮಿ ಕುಟುಂಬವೂ ಅಂಥದ್ದೇ ಅಲ್ಬೇನಿಯನ್ ಕುಟುಂಬ. 1990ರಲ್ಲಿ, ಹುಡುಗನಿಗೆ ಐದು ವರ್ಷ ಇದ್ದಾಗ, ಮನೆಯವರೆಲ್ಲ ಸ್ವಿಟ್ಜರ್ಲೆಂಡ್‌ಗೆ ಬಂದರು. ಸೇರಿದ್ದು ಸ್ಟಾಬಿಯೊ ಅನ್ನೋ ಸಣ್ಣ ಊರಿಗೆ. ಅದು ಇಟಲಿ ಗಡಿಗೆ ಅಂಟಿಕೊಂಡಿರೋ, ಇಟಾಲಿಯನ್ ಮಾತಾಡೋ ಟಿಚಿನೊ ಪ್ರಾಂತ್ಯ. ಮನೆಯಲ್ಲಿ ಅಲ್ಬೇನಿಯನ್, ಬೀದಿಯಲ್ಲಿ ಇಟಾಲಿಯನ್. ದೇಶದ ಹೆಚ್ಚು ಜನ ಮಾತಾಡೋದು ಮಾತ್ರ ಜರ್ಮನ್.

ಕೆಲವು ವರ್ಷ ಕಳೆದ ಮೇಲೆ ಆ ಕುಟುಂಬಕ್ಕೆ ದೇಶ ಬಿಟ್ಟು ಹೋಗಬೇಕಾದ ಪರಿಸ್ಥಿತಿ ಬಂತು. ಕಾಗದದ ಪ್ರಕಾರ ಅವರಿಗೆ ಅಲ್ಲಿ ಇರೋ ಹಕ್ಕಿರಲಿಲ್ಲ. ಅರ್ಜಿ ನೋಡುವ ಅಧಿಕಾರಿಯ ಮೇಜಿನ ಮೇಲೆ ಇದ್ದದ್ದು ಹೆಸರು, ದೇಶ, ಬಂದ ದಿನಾಂಕ ಅಷ್ಟೇ. ಹುಡುಗ ಎಷ್ಟು ಚೆನ್ನಾಗಿ ಓಡ್ತಾನೆ, ಅಕ್ಕಪಕ್ಕದವರಿಗೆ ಆ ಮನೆಯವರು ಎಂಥವರು ಅಂತ ಎಷ್ಟು ಗೊತ್ತು ಅನ್ನೋದಕ್ಕೆ ಆ ಫಾರ್ಮಿನಲ್ಲಿ ಜಾಗ ಇರಲ್ಲ. ಆಗ ಊರಿನವರು ಸಹಿ ಸಂಗ್ರಹ ಮಾಡಿದರು. ಇವರು ನಮ್ಮವರು, ಕಳಿಸಬೇಡಿ ಅಂತ. ಕುಟುಂಬ ಉಳಿಯಿತು.

ನಮಗೆ ಬೆಹ್ರಾಮಿ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಇದೇ. ಸಹಿ ಹಾಕಿದ ಆ ಜನಕ್ಕೆ ಇವನು ಮುಂದೆ 83 ಪಂದ್ಯ ಆಡ್ತಾನೆ ಅಂತ ಗೊತ್ತಿರಲಿಲ್ಲ. ಗೊತ್ತಿರೋಕೆ ಸಾಧ್ಯನೂ ಇರಲಿಲ್ಲ. ಅವರು ಸಹಿ ಹಾಕಿದ್ದು ಪಕ್ಕದ ಬೀದಿಯ ಒಬ್ಬ ಹುಡುಗನಿಗೆ. ಮಿಟ್ರೊವಿಟ್ಸಾಗೆ ವಾಪಸ್ ಕಳಿಸಿದ್ದರೆ? 1998-99ರಲ್ಲಿ ಕೊಸೊವೊದಲ್ಲಿ ಯುದ್ಧ ನಡೆಯಿತು. ಆಗ ಅವನಿಗೆ ಹದಿಮೂರು, ಹದಿನಾಲ್ಕು ವರ್ಷ. ಇದನ್ನೂ ಸಮೀಕರಣದಿಂದ ತೆಗೆದು ನೋಡಬಹುದು, ಆದರೆ ಈ ಲೆಕ್ಕ ಮಾಡೋಕೆ ಮನಸ್ಸು ಬರಲ್ಲ.

ಅವನ ಕ್ಲಬ್ ಜೀವನವೂ ನೇರವಾದ ಗೆರೆ ಅಲ್ಲ. ಶುರುವಾಗಿದ್ದು ಟಿಚಿನೊದ ಲುಗಾನೊ ಕ್ಲಬ್‌ನಲ್ಲಿ. 2003ರಲ್ಲಿ ಆ ಕ್ಲಬ್ ದಿವಾಳಿಯಾಯ್ತು. ಹದಿನೆಂಟನೇ ವಯಸ್ಸಿಗೆ ಗಡಿ ದಾಟಿ ಇಟಲಿಗೆ ಹೋದ. ಜೆನೋವಾ, ಅಲ್ಲಿಂದ ಎರಡನೇ ದರ್ಜೆಯಲ್ಲಿ ಆಡ್ತಿದ್ದ ವೆರೋನಾ, ಆಮೇಲೆ 2005ರಲ್ಲಿ ಲಾಜಿಯೊ. ಲಾಜಿಯೊದಲ್ಲಿ ಬಲಬದಿಯಲ್ಲಿ ಆಡ್ತಿದ್ದ. 2008ರ ಮಾರ್ಚ್‌ನಲ್ಲಿ ರೋಮಾ ವಿರುದ್ಧದ ಡರ್ಬಿಯಲ್ಲಿ, 2-2 ಇದ್ದಾಗ, ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದ. ರೋಮ್ ನಗರದಲ್ಲಿ ಡರ್ಬಿಯ ಕೊನೇ ನಿಮಿಷದ ಗೋಲು ಅಂದ್ರೆ ಅದರ ಮೇಲೆ ಒಬ್ಬ ಮನುಷ್ಯ ಜೀವನಪೂರ್ತಿ ಪುಕ್ಕಟೆ ಕಾಫಿ ಕುಡಿಯಬಹುದು. ಅದೇ ವರ್ಷ ಲಂಡನ್‌ನ ವೆಸ್ಟ್ ಹ್ಯಾಮ್‌ಗೆ ಹೋದ. 2009ರಲ್ಲಿ ಮೊಣಕಾಲಿಗೆ ಗಂಭೀರ ಪೆಟ್ಟಾಯ್ತು. ಎದ್ದು ಬಂದ. 2011ರಲ್ಲಿ ಫಿಯೊರೆಂಟಿನಾ, 2012ರಲ್ಲಿ ನಾಪೋಲಿ. ಅಷ್ಟು ಹೊತ್ತಿಗೆ ಬಲಬದಿಯ ಓಟಗಾರ ಮೈದಾನದ ಮಧ್ಯದ ಕಾವಲುಗಾರ ಆಗಿದ್ದ.

ಆ ನಾಪೋಲಿ ತಂಡ ನೋಡಿದ್ರೆ ಖುಷಿಯಾಗುತ್ತೆ. ಎರಡು ಸೀಸನ್ ಅಲ್ಲಿ ಮೂವರು ಸ್ವಿಸ್ ಮಿಡ್‌ಫೀಲ್ಡರ್‌ಗಳು ಒಟ್ಟಿಗೆ ಇದ್ದರು. ಟರ್ಕಿ ಮೂಲದ ಗೊಖಾನ್ ಇನ್ಲರ್, ಮ್ಯಾಸಿಡೋನಿಯಾದ ಅಲ್ಬೇನಿಯನ್ ಕುಟುಂಬದ ಬ್ಲೆರಿಮ್ ಜೆಮೈಲಿ, ಕೊಸೊವೊದ ಬೆಹ್ರಾಮಿ. ಮೂವರ ಅಪ್ಪ ಅಮ್ಮಂದಿರೂ ಬೇರೆ ದೇಶದವರು. ಮೂವರೂ ಸ್ವಿಟ್ಜರ್ಲೆಂಡ್‌ನವರು. ಆಮೇಲೆ ಹ್ಯಾಂಬರ್ಗ್, ವಾಟ್‌ಫರ್ಡ್, ಉದಿನೇಸೆ, ಸಿಯೊನ್, ಮತ್ತೆ ಜೆನೋವಾ, ಕೊನೆಗೆ ಬ್ರೆಷಾ. ಇಷ್ಟು ಕ್ಲಬ್ ಬದಲಾಯಿಸಿದವನ ರೆಸ್ಯೂಮೆ ನೋಡಿ "ಸ್ಥಿರತೆ ಇಲ್ಲ" ಅನ್ನಬಹುದು. ಪ್ರತಿ ಊರಲ್ಲೂ ಹೊಸ ಕೋಚ್, ಹೊಸ ಡ್ರೆಸ್ಸಿಂಗ್ ರೂಮ್, ಮತ್ತೆ ಮೊದಲಿಂದ ತನ್ನನ್ನು ತೋರಿಸಿಕೊಳ್ಳಬೇಕು. ಇಪ್ಪತ್ತು ವರ್ಷ ಅದನ್ನು ಮಾಡಿದ ಅಂತಲೂ ಓದಬಹುದು.

ಮತ್ತೆ 2014ಕ್ಕೆ ಬರೋಣ. ಬ್ರಸೀಲಿಯಾದ ಆ ಓಟಕ್ಕೆ ನಾಲ್ಕು ತಿಂಗಳ ಹಿಂದೆ, ಫೆಬ್ರವರಿ 9ರಂದು, ಸ್ವಿಟ್ಜರ್ಲೆಂಡ್‌ನಲ್ಲಿ ಒಂದು ಜನಮತ ನಡೆದಿತ್ತು. ಹೊರಗಿನಿಂದ ಬರುವವರ ಸಂಖ್ಯೆಗೆ ಮಿತಿ ಹಾಕಬೇಕು ಅನ್ನೋ ಪ್ರಸ್ತಾಪ. 50.3 ಶೇಕಡಾ ಜನ ಹೌದು ಅಂದರು. ಈಗ ಎಕ್ವಡೋರ್ ಪಂದ್ಯ ಮತ್ತೊಮ್ಮೆ ನೋಡಿ. ಸಮ ಮಾಡಿದ ಮೆಹ್ಮೆದಿ ಹುಟ್ಟಿದ್ದು ಮ್ಯಾಸಿಡೋನಿಯಾದಲ್ಲಿ. ಟ್ಯಾಕಲ್ ಮಾಡಿ ಓಡಿದ ಬೆಹ್ರಾಮಿ ಕೊಸೊವೊದವನು. ಕ್ರಾಸ್ ಕೊಟ್ಟ ರೋಡ್ರಿಗೆಜ್‌ನ ಅಪ್ಪ ಸ್ಪೇನ್, ಅಮ್ಮ ಚಿಲಿ. ಗೆಲುವಿನ ಗೋಲು ಹೊಡೆದ ಸೆಫೆರೊವಿಚ್‌ನದು ಬೊಸ್ನಿಯಾ ಮೂಲದ ಕುಟುಂಬ.

"ನೋಡಿದ್ರಾ, ವಲಸಿಗರಿಲ್ಲದೆ ಟೀಮೇ ಇಲ್ಲ, ಅದಕ್ಕೇ ಅವರು ಬೇಕು" ಅನ್ನೋದು ಸುಲಭದ ವಾದ. ಜನಮತದ ಹೊತ್ತಲ್ಲಿ ಇದನ್ನು ಬಹಳ ಜನ ಹೇಳಿದರು. ಉದ್ದೇಶ ಒಳ್ಳೆಯದೇ. ಆದರೆ ನಾವು ಇದನ್ನು ಪೂರ್ತಿ ಒಪ್ಪಲ್ಲ. ಯಾಕಂದ್ರೆ ಇದೂ ಅದೇ ಸ್ಕೋರ್‌ಕಾರ್ಡ್ ಬುದ್ಧಿ. ಗೋಲು ಹೊಡೆದ್ರೆ ಇರಬಹುದು ಅಂದ್ರೆ, ಹೊಡೆಯದವನ ಗತಿ ಏನು? ಬೆಹ್ರಾಮಿಗೆ ಹದಿನೈದನೇ ವಯಸ್ಸಿಗೆ ಮೊಣಕಾಲು ಹೋಗಿ, ಅವನು ಸ್ಟಾಬಿಯೊದಲ್ಲಿ ಒಂದು ಅಂಗಡಿ ಇಟ್ಟುಕೊಂಡು ಬದುಕಿದ್ದರೆ ಆ ಸಹಿಗಳೆಲ್ಲ ವ್ಯರ್ಥ ಆಗ್ತಿತ್ತಾ? ಆಗ್ತಿರಲಿಲ್ಲ. ಊರಿನವರು "ಇವನಿಂದ ನಮಗೆ ಲಾಭ ಏನು" ಅಂತ ಕೇಳಿ ಸಹಿ ಹಾಕಿರಲಿಲ್ಲ. ಲೆಕ್ಕ ಮಾಡದೆ ಮಾಡಿದ ಕೆಲಸ ಅದು. ಅದರ ನೈತಿಕ ಬೆಲೆ ಇರೋದೂ ಅಲ್ಲೇ.

ಬೆಹ್ರಾಮಿಯನ್ನು ದೇವರು ಮಾಡೋದು ನಮ್ಮ ಉದ್ದೇಶ ಅಲ್ಲ. 2010ರ ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ಮೊದಲ ಪಂದ್ಯದಲ್ಲೇ ಸ್ಪೇನ್ ತಂಡವನ್ನು 1-0ಯಿಂದ ಸೋಲಿಸಿ ಜಗತ್ತನ್ನೇ ಬೆಚ್ಚಿಬೀಳಿಸಿತ್ತು. ಆಮೇಲೆ ಅದೇ ಸ್ಪೇನ್ ಕಪ್ ಗೆದ್ದಿತು ಬಿಡಿ. ಎರಡನೇ ಪಂದ್ಯ ಚಿಲಿ ವಿರುದ್ಧ. 31ನೇ ನಿಮಿಷದಲ್ಲಿ ಬೆಹ್ರಾಮಿ ವಿಡಾಲ್ ಮುಖಕ್ಕೆ ಕೈ ಬೀಸಿದ ಅಂತ ರೆಡ್ ಕಾರ್ಡ್. ಉಳಿದ ಒಂದು ಗಂಟೆ ಹತ್ತು ಜನರೇ ಆಡಬೇಕಾಯ್ತು. ಆ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್ ವಿಶ್ವಕಪ್‌ಗಳಲ್ಲಿ ಸತತ 559 ನಿಮಿಷ ಗೋಲು ಬಿಟ್ಟುಕೊಡದ ದಾಖಲೆ ಬರೆಯಿತು, ಆದರೆ 75ನೇ ನಿಮಿಷದಲ್ಲಿ ಗೋಲು ಬಿತ್ತು, 0-1ರಿಂದ ಸೋತರು, ಮುಂದಿನ ಸುತ್ತಿಗೂ ಹೋಗಲಿಲ್ಲ. ರೆಡ್ ಕಾರ್ಡ್ ಮಾತ್ರ ಸ್ಕೋರ್‌ಕಾರ್ಡಿನಲ್ಲಿ ಚೆನ್ನಾಗಿ ಕಾಣುತ್ತೆ. ಇದನ್ನೂ ಗಮನಿಸಿ. ಈ ಥರದ ಆಟಗಾರ ಸರಿ ಮಾಡಿದ್ದಕ್ಕೆ ಕಾಲಮ್ ಇಲ್ಲ, ತಪ್ಪು ಮಾಡಿದ್ದಕ್ಕೆ ಎರಡು ಬಣ್ಣದ ಕಾರ್ಡ್ ಇದೆ. ಟ್ಯಾಕಲ್ ಮಾಡುವವನ ಬದುಕು ಹಾಗೇ. ಸ್ಟ್ರೈಕರ್ ಐದು ಅವಕಾಶದಲ್ಲಿ ನಾಲ್ಕು ಹಾಳು ಮಾಡಿ ಒಂದು ಹಾಕಿದ್ರೆ ಹೀರೋ. ಇವನು ಐದರಲ್ಲಿ ನಾಲ್ಕು ತಡೆದು ಒಂದು ತಪ್ಪಿಸಿದ್ರೆ ವಿಲನ್.

ಕೊನೆ ಕೂಡ ಹಾಗೇ ಬಂತು. 2018ರ ವಿಶ್ವಕಪ್‌ನಲ್ಲಿ ಸೆರ್ಬಿಯಾ ವಿರುದ್ಧ 2-1ರಿಂದ ಗೆದ್ದಾಗ ಜಾಕಾ ಮತ್ತು ಶಕೀರಿ ಕೈಗಳಿಂದ ಅಲ್ಬೇನಿಯಾದ ಹದ್ದಿನ ಚಿಹ್ನೆ ಮಾಡಿದರು. ಫಿಫಾ ದಂಡ ಹಾಕಿತು. ದೇಶದೊಳಗೆ ಹಳೇ ಪ್ರಶ್ನೆ ಮತ್ತೆ ಎದ್ದಿತು: ಇವರು ನಿಜವಾಗಿ ಯಾರವರು? ತಂಡ ಟೂರ್ನಿಯಿಂದ ಹೊರಬಿದ್ದ ಮೇಲೆ ಸ್ವಿಸ್ ಫುಟ್‌ಬಾಲ್ ಸಂಸ್ಥೆಯ ದೊಡ್ಡ ಅಧಿಕಾರಿಯೊಬ್ಬರು ಎರಡು ಪೌರತ್ವ ಇರೋ ಹುಡುಗರ ಬಗ್ಗೆಯೇ ಅನುಮಾನದ ಮಾತಾಡಿ ಗದ್ದಲ ಆಯ್ತು. ಅದೇ ಆಗಸ್ಟ್‌ನಲ್ಲಿ ಬೆಹ್ರಾಮಿಗೆ ಕೋಚ್ ಪೆಟ್ಕೊವಿಚ್‌ರಿಂದ ಒಂದು ಫೋನ್ ಬಂತು. ಇನ್ಮೇಲೆ ಹೊಸಬರಿಗೆ ಅವಕಾಶ, ನಿನ್ನನ್ನು ಕರೆಯಲ್ಲ ಅಂತ. 33 ವರ್ಷ ಆಗಿತ್ತು, ಹೊಸಬರು ಬರಲೇಬೇಕು, ಅದು ಆಟದ ನಿಯಮ. ಆದರೆ ಹದಿಮೂರು ವರ್ಷದ ಸೇವೆ ಒಂದು ಫೋನ್ ಕರೆಯಲ್ಲಿ ಮುಗಿದದ್ದು ಅವನಿಗೆ ನೋವು ತಂದಿತು, ಅದನ್ನು ಅವನು ಬಹಿರಂಗವಾಗಿಯೇ ಹೇಳಿದ. ಪೆಟ್ಕೊವಿಚ್ ಕೂಡ ಸರಯೇವೊದಿಂದ ಬಂದವರೇ, ಟಿಚಿನೊದಲ್ಲಿ ಬದುಕು ಕಟ್ಟಿಕೊಂಡವರೇ. ಹಾಗಾಗಿ ಇಲ್ಲಿ ಒಬ್ಬರನ್ನು ಕೆಟ್ಟವರು ಅನ್ನೋಕೆ ಆಗಲ್ಲ. ನಾವು ಹೇಳೋದು ಇಷ್ಟೇ: ಲೆಕ್ಕದಲ್ಲಿ ಕಾಣದ ಕೆಲಸ ಮಾಡುವವನನ್ನು ಬೀಳ್ಕೊಡೋದಕ್ಕೂ ಯಾರಿಗೂ ನೆನಪಾಗಲ್ಲ.

ಇಷ್ಟೆಲ್ಲ ಓದಿ "ಸರಿ, ನಮಗೂ ಇದಕ್ಕೂ ಏನು ಸಂಬಂಧ" ಅಂತ ಕೇಳಬಹುದು. ನಮ್ಮ ಸುತ್ತ ಒಮ್ಮೆ ನೋಡಿ. ನಾಲ್ಕು ಜನರ ಪ್ರಾಜೆಕ್ಟ್ ಟೀಮಲ್ಲಿ ಡೆಮೊ ದಿನ ಮುಂದೆ ನಿಂತು ಪಿಪಿಟಿ ತೋರಿಸುವವನ ಹೆಸರು ಎಲ್ಲರಿಗೂ ಗೊತ್ತಾಗುತ್ತೆ. ಹಿಂದಿನ ರಾತ್ರಿ ಎಲ್ಲರ ಕೋಡ್ ಒಟ್ಟಿಗೆ ಸೇರಿಸಿ, ಯಾವ ಸೆನ್ಸರ್ ಯಾಕೆ ಓದ್ತಿಲ್ಲ ಅಂತ ಹುಡುಕಿ, ಡೆಮೊ ಕೆಡದ ಹಾಗೆ ನೋಡಿಕೊಂಡವಳ ಹೆಸರು? ಕೆಡಲಿಲ್ಲ ಅಲ್ವಾ, ಹಾಗಾಗಿ ಯಾರಿಗೂ ಗೊತ್ತೇ ಆಗಲ್ಲ. ಫೆಸ್ಟ್‌ನಲ್ಲಿ ಸ್ಟೇಜ್ ಮೇಲೆ ಇರುವವರ ಫೋಟೋ ಬರುತ್ತೆ. ಜನರೇಟರ್ ಪಕ್ಕ ಕೂತವನದು ಬರಲ್ಲ. ಸಿಜಿಪಿಎ ಕಟ್-ಆಫ್ ಅನ್ನೋದೂ ಒಂದು ಸ್ಕೋರ್‌ಕಾರ್ಡೇ. ಸಾವಿರ ಅರ್ಜಿ ಬಂದಾಗ ಯಾವುದೋ ಒಂದು ಗೆರೆ ಎಳೆಯಲೇಬೇಕು, ಅದು ನಮಗೂ ಅರ್ಥ ಆಗುತ್ತೆ. ಆದರೆ ಕಂಪನಿ ಎಳೆದ ಆ ಗೆರೆಯನ್ನೇ ನಾವು ಹಾಸ್ಟೆಲ್‌ಗೆ ತಂದು, ಒಬ್ಬರನ್ನೊಬ್ಬರು ಅದರಲ್ಲೇ ಅಳೆಯೋಕೆ ಶುರು ಮಾಡಿದ್ದೀವಲ್ಲ, ಅದಕ್ಕೆ ಯಾವ ಕಂಪನಿಯೂ ಕಾರಣ ಅಲ್ಲ. ಅಧಿಕಾರಿಗೆ ಫಾರ್ಮ್ ಮಾತ್ರ ಕಾಣುತ್ತೆ, ಅದು ಅವನ ಮಿತಿ. ನಾವು ಪಕ್ಕದ ಬೀದಿಯವರು. ನಮಗೆ ಮನುಷ್ಯ ಕಾಣ್ತಾನೆ. ಕಂಡೂ ಫಾರ್ಮನ್ನೇ ಓದಿದ್ರೆ ನಾವು ಸ್ಟಾಬಿಯೊದವರಿಗಿಂತ ಕಡೆ.

ಅದಕ್ಕೆ ಎರಡು ಸಣ್ಣ ಸಲಹೆ, ಎರಡಕ್ಕೂ ದುಡ್ಡು ಬೇಡ. ಮುಂದಿನ ಸಲ ಕಾಮನ್ ರೂಮ್‌ನಲ್ಲಿ ಮ್ಯಾಚ್ ಹಾಕಿದಾಗ ಹತ್ತು ನಿಮಿಷ ಚೆಂಡು ನೋಡಬೇಡಿ. ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್‌ನನ್ನು ಆರಿಸಿಕೊಂಡು ಅವನನ್ನೇ ನೋಡಿ. ಎಲ್ಲಿ ನಿಲ್ತಾನೆ, ಯಾವಾಗ ತಿರುಗಿ ಹಿಂದೆ ನೋಡ್ತಾನೆ, ಚೆಂಡು ಬರದ ಜಾಗಕ್ಕೆ ಎಷ್ಟು ಸಲ ಓಡ್ತಾನೆ ಅಂತ. ಎರಡನೆಯದು, ಈ ಸೆಮಿಸ್ಟರ್ ಪ್ರಾಜೆಕ್ಟ್ ರಿಪೋರ್ಟಿನ ಕೊನೇ ಪುಟದಲ್ಲಿ ಯಾರು ಯಾವ ಕೆಲಸ ಮಾಡಿದ್ರು ಅಂತ ಹೆಸರು ಹಾಕಿ ಬರೆಯಿರಿ. ವೈರ್ ಸೋಲ್ಡರ್ ಮಾಡಿದ್ದು, ಡೇಟಾಶೀಟ್ ಓದಿದ್ದು, ಬಗ್ ಹಿಡಿದದ್ದು, ಎಲ್ಲ. ಅದಕ್ಕೆ ಮಾರ್ಕ್ಸ್ ಸಿಗಲ್ಲ. ಆದರೆ ಒಬ್ಬರ ಓಟವಾದ್ರೂ ಕಾಗದದ ಮೇಲೆ ಉಳಿಯುತ್ತೆ.